ತವರದಲ್ಲಿ ಬೆಳೆದ ಹರಳಿನ ರೋಧವನ್ನು ಅಳೆದ ಬಗೆ

ಕೋಬಾಲ್ಟ್, ತವರ ಮತ್ತು ಗಂಧಕ 3:2:2ರ ಪ್ರಮಾಣದಲ್ಲಿ ಸೇರಿದ ಸಂಯುಕ್ತವು ಕಾಂತೀಯ ವೈಲ್ ಸೆಮಿಮೆಟಲ್ (ಒಳಗಿನ ಎಲೆಕ್ಟ್ರಾನ್‌ಗಳು ದ್ರವ್ಯರಾಶಿಯೇ ಇಲ್ಲದಂತೆ ಚಲಿಸುವ ಕಾಂತೀಯ ಅರೆಲೋಹ) ಎಂದು 2018ರಿಂದೀಚೆಗೆ ಹೆಸರಾಗಿದೆ. ನಾನು ಅದರ ಹರಳುಗಳನ್ನು ಕರಗಿದ ತವರದಲ್ಲೇ ಬೆಳೆಸಿದೆ. ಧಾತುಗಳನ್ನು ಕ್ವಾರ್ಟ್ಸ್ ನಳಿಗೆಯಲ್ಲಿ ನಿರ್ವಾತದಲ್ಲಿ ಮುಚ್ಚಿ, ಕುಲುಮೆಯಲ್ಲಿ 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ದಿನಗಟ್ಟಲೆ ನಿಧಾನವಾಗಿ ತಣಿಸಿ, 700 ಡಿಗ್ರಿಯ ಹೊತ್ತಿಗೆ ಹೊರತೆಗೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ, ದ್ರವ ತವರ ಬೇರ್ಪಟ್ಟು ಕನ್ನಡಿಯಂತೆ ಹೊಳೆಯುವ ತೆಳು ಬಿಲ್ಲೆಗಳು ಉಳಿದವು.

ಇಂಥ ಬಿಲ್ಲೆಯ ರೋಧ ಕೋಣೆಯ ತಾಪದಲ್ಲೂ ಕೆಲವು ಹತ್ತು ಮಿಲಿಓಮ್ ಅಷ್ಟೇ ಆದ್ದರಿಂದ ಎರಡೇ ತಂತಿಗಳಿಂದ ಅಳೆದರೆ ತಂತಿ ಮತ್ತು ಬೆಸುಗೆಯ ರೋಧವೇ ಅದನ್ನು ನುಂಗಿಬಿಡುತ್ತದೆ. ಹಾಗಾಗಿ 25 ಮೈಕ್ರಾನ್ ದಪ್ಪದ ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿ ಪೇಸ್ಟಿನಿಂದ ಅಂಟಿಸಿ, ಹೊರಗಿನ ಎರಡರಲ್ಲಿ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆದೆ. ಪ್ರತಿ ಬಿಂದುವಿನಲ್ಲೂ ವಿದ್ಯುತ್ತಿನ ದಿಕ್ಕನ್ನು ತಿರುಗಿಸಿ ಸರಾಸರಿ ತೆಗೆದದ್ದರಿಂದ ತಾಪದ ವ್ಯತ್ಯಾಸದಿಂದ ಹುಟ್ಟುವ ಉಷ್ಣ ವೋಲ್ಟೇಜ್ ಕಳೆದುಹೋಯಿತು.

300 ಕೆಲ್ವಿನ್‌ನಿಂದ ಇಳಿಯುತ್ತಾ ಬಂದಂತೆ ರೋಧದ ಗೆರೆ ನಿಧಾನವಾಗಿ ತಗ್ಗಿ, ಸುಮಾರು 177 ಕೆಲ್ವಿನ್‌ನಲ್ಲಿ ಸ್ಪಷ್ಟವಾಗಿ ಮುರಿದು, ಅಲ್ಲಿಂದ ಕಡಿದಾಗಿ ಇಳಿಯಿತು. ವಸ್ತು ಕಾಂತವಾಗುವ ಈ ತಾಪದ, ಅಂದರೆ ಕ್ಯೂರಿ ತಾಪದ, ಕೆಳಗೆ ಸ್ಪಿನ್‌ಗಳು (ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗಳು) ಒಂದೇ ದಿಕ್ಕಿಗೆ ತಿರುಗುವುದರಿಂದ ಎಲೆಕ್ಟ್ರಾನ್‌ಗಳನ್ನು ಚದುರಿಸುವ ಅವ್ಯವಸ್ಥೆ ಕಡಿಮೆಯಾಗುತ್ತದೆ. ಮೊದಲ ಸಲ ತಣಿಸುವಾಗಿನ ಮತ್ತು ಕಾಯಿಸುವಾಗಿನ ಮುರಿತಗಳು ಒಂದರ ಮೇಲೊಂದು ಕೂರಲಿಲ್ಲ. ನಾನು ಅವಸರದಿಂದ ನಿಮಿಷಕ್ಕೆ 3 ಕೆಲ್ವಿನ್ ವೇಗ ಇಟ್ಟಿದ್ದೆ, ಹರಳು ಥರ್ಮಾಮೀಟರಿನ ಹಿಂದೆ ಉಳಿಯುತ್ತಿತ್ತು. ವೇಗವನ್ನು 1 ಕೆಲ್ವಿನ್‌ಗೆ ಇಳಿಸಿದಾಗ ಎರಡೂ ಕೂಡಿಕೊಂಡವು.

ನನ್ನನ್ನು ನಿಜವಾಗಿ ಯಾಮಾರಿಸಿದ್ದು 3.7 ಕೆಲ್ವಿನ್‌ನಲ್ಲಿ ರೋಧ ಥಟ್ಟನೆ ಕುಸಿದದ್ದು. ಅತಿವಾಹಕತೆ (ರೋಧವೇ ಇಲ್ಲದ ಸ್ಥಿತಿ) ಸಿಕ್ಕಿತೆಂದು ಅರ್ಧ ರಾತ್ರಿ ಹಿಗ್ಗಿದ್ದೆ. ಆದರೆ ತವರ ಅತಿವಾಹಕವಾಗುವುದೂ 3.72 ಕೆಲ್ವಿನ್‌ನಲ್ಲೇ; ಹರಳಿಗೆ ಅಂಟಿ ಉಳಿದ ತವರದ್ದೇ ಕೆಲಸವೆಂದು ಅನುಮಾನ ಬಂತು. 500 ಗಾಸ್ ಕಾಂತಕ್ಷೇತ್ರ ಕೊಟ್ಟೊಡನೆ ಕುಸಿತ ಮಾಯವಾಯಿತು. ತವರದ ಅತಿವಾಹಕತೆ ಅಳಿಯಲು ಸುಮಾರು 300 ಗಾಸ್ ಸಾಕು. ಹರಳನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಪದರ ಸೀಳಿ, ಒಳಗಿನ ಚೂರಿಗೆ ತಂತಿ ಅಂಟಿಸಿ ಮತ್ತೆ ಅಳೆದಾಗ ಕ್ಷೇತ್ರವಿಲ್ಲದೆಯೂ ಆ ಮೆಟ್ಟಿಲು ಕಾಣಲಿಲ್ಲ.

ಆಮೇಲಷ್ಟೇ ಕೆಳತಾಪದ ರೋಧವನ್ನು ತಾಪದ ವರ್ಗಕ್ಕೆ (ತಾಪ × ತಾಪ) ಹೊಂದಿಸಿದೆ. ಹೊಂದಿಕೆ ಚೆನ್ನಾಗಿಯೇ ಬಂದರೂ ಎಲೆಕ್ಟ್ರಾನ್‌ಗಳ ಪರಸ್ಪರ ಘರ್ಷಣೆ ಮತ್ತು ಮ್ಯಾಗ್ನಾನ್‌ಗಳು (ಸ್ಪಿನ್‌ಗಳ ಅಲೆಗಳು) ಎರಡೂ ಇದೇ ವರ್ಗನಿಯಮವನ್ನು ಕೊಡಬಲ್ಲವಾದ್ದರಿಂದ, ಕಾರಣ ಇಂಥದ್ದೇ ಎಂದು ಬರೆಯಲು ನನಗೆ ಧೈರ್ಯ ಬರಲಿಲ್ಲ. 9 ಟೆಸ್ಲಾ ಕ್ಷೇತ್ರದಲ್ಲಿ ಮತ್ತೆ ಅಳೆದೆ: 177ರ ಬಳಿ ಮುರಿತ ಮಸುಕಾಗಿ ರೋಧ ತಗ್ಗಿತು, 2 ಕೆಲ್ವಿನ್‌ನಲ್ಲಿ ಮಾತ್ರ ಅದೇ ಕ್ಷೇತ್ರ ರೋಧವನ್ನು ಏರಿಸಿತು.