ಅಲ್ಯೂಮಿನಿಯಂ ಬೋರ್ಡಿಗೆ ಬೆಸುಗೆ: ಬಿಸಿ ಕೆಳಗಿನಿಂದ ಬರಲಿ

ಬಲ್ಬಿನೊಳಗೆ ಒಂದೇ ಒಂದು ಎಲ್‌ಇಡಿ ಸುಟ್ಟಿರುತ್ತದೆ. ಬದಲಿಸಲು ಕೂತವರು ಸೋಲ್ಡರಿಂಗ್ ಐರನ್ನನ್ನು ಒತ್ತಿ ಹಿಡಿದು, ತವರ ಕರಗದೆ ರೇಗಿ, ಕೊನೆಗೆ ಇಕ್ಕಳ ಹಾಕಿ ಕೀಳುತ್ತಾರೆ. ಎಲ್‌ಇಡಿ ಜೊತೆಗೆ ಅದನ್ನು ಬೆಸೆದಿದ್ದ ತಾಮ್ರದ ಪ್ಯಾಡೂ ಎದ್ದು ಬರುತ್ತದೆ. ಮೊದಲ ಬೋರ್ಡನ್ನು ನಾನೂ ಹಾಗೇ ಹಾಳುಮಾಡಿದ್ದೆ.

ಎಲ್‌ಇಡಿಗಳು ಕೂತಿರುವ ಈ ಬೋರ್ಡಿನ ಕೆಳಗಿರುವುದು ಸುಮಾರು 1ರಿಂದ 1.6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು. ಅದರ ಮೇಲೆ ಹೆಚ್ಚುಕಡಿಮೆ 0.1 ಮಿ.ಮೀ. ನಿರೋಧಕ ಪದರ, ಆಮೇಲೆ ತಾಮ್ರ. ಎಲ್‌ಇಡಿಯ ಶಾಖ ಎಳೆದುಕೊಳ್ಳಲೆಂದೇ ಈ ಏರ್ಪಾಡು. ಐರನ್ನಿನ ಶಾಖವನ್ನೂ ಅದು ಅಷ್ಟೇ ಚುರುಕಾಗಿ ಕುಡಿದುಬಿಡುತ್ತದೆ. ಹಾಗಾಗಿ ಉಷ್ಣತೆ ಹೊಂದಿಸಬಹುದಾದ ಹಾಟ್ ಪ್ಲೇಟ್ ಬೇಕೇ ಬೇಕು. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಪ್ಲೇಟ್ ಕೊಳ್ಳಬೇಡಿ. 300 ಡಿಗ್ರಿ ದಾಟಿದ್ದು ಗೊತ್ತಾಗುವಷ್ಟರಲ್ಲಿ ಎಲ್‌ಇಡಿಗಳೆಲ್ಲ ಕಂದಿರುತ್ತವೆ.

1. ಬಲ್ಬನ್ನು ಹೋಲ್ಡರಿನಿಂದ ತೆಗೆದು ಬಿಚ್ಚಿ. ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ರೆಸಿಸ್ಟರ್ ಮೂಲಕ ಇಳಿಸಿ. ಡ್ರೈವರ್ (ಎಲ್‌ಇಡಿಗಳಿಗೆ ಕರೆಂಟು ಹೊಂದಿಸಿ ಕೊಡುವ ಸರ್ಕ್ಯೂಟ್) ಬೇರೆ ಇದ್ದರೆ ಅದರ ವೈರುಗಳನ್ನು ಬಿಡಿಸಿ.

2. ಹಳದಿ ಮೈಮೇಲೆ ಕಪ್ಪು ಚುಕ್ಕೆ ಇರುವುದೇ ಸಾಮಾನ್ಯವಾಗಿ ಸತ್ತ ಎಲ್‌ಇಡಿ. ತೆಗೆಯುವ ಮುನ್ನ ಫೋಟೊ ಹೊಡೆದಿಟ್ಟುಕೊಳ್ಳಿ. ವೃತ್ತಾಕಾರದ ಬೋರ್ಡಿನಲ್ಲಿ ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿರುತ್ತದೆ, ಆಮೇಲೆ ನೆನಪಾಗುವುದಿಲ್ಲ. ಹೊಸದು ಅಳತೆಯಲ್ಲಿ ಸರಿಹೊಂದಿದರೆ ಸಾಲದು, ವೋಲ್ಟೇಜೂ ಹೊಂದಬೇಕು. ಎಲ್‌ಇಡಿಗೆ ಕೊಡುವ 2835 ಎಂಬ ಸಂಖ್ಯೆ ಎಂದರೆ 2.8 × 3.5 ಮಿ.ಮೀ. ಅಳತೆ ಅಷ್ಟೇ, ಅದೇ ಗಾತ್ರದಲ್ಲಿ 3, 6, 9, 18 ವೋಲ್ಟಿನವೂ ಸಿಗುತ್ತವೆ.

(ಸುಟ್ಟ ಎಲ್‌ಇಡಿಯ ಎರಡು ಪ್ಯಾಡುಗಳನ್ನು ತವರದಿಂದ ಕೂಡಿಸಿ ಬಲ್ಬು ಉರಿಸುವವರಿದ್ದಾರೆ. ಉರಿಯುತ್ತದೆ, ನಿಜ. ಆ ಎಲ್‌ಇಡಿ ಹೊರುತ್ತಿದ್ದ ವೋಲ್ಟೇಜು ಅನೇಕ ಅಗ್ಗದ ಬಲ್ಬುಗಳಲ್ಲಿ ಡ್ರೈವರ್ ಚಿಪ್ಪಿನ ತಲೆಗೆ ಬೀಳುತ್ತದೆ. ನಾನು ಮಾಡುವುದಿಲ್ಲ.)

3. ಇಲ್ಲೇ ಎಲ್ಲರೂ ಎಡವುವುದು. ಬೋರ್ಡಿನ ಹಿಂಬದಿಯ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಲೇಪ) ಪೂರ್ತಿ ಒರೆಸಿ, ಇಲ್ಲದಿದ್ದರೆ ಹೊಗೆಯಾಡುತ್ತದೆ. ತಣ್ಣಗಿರುವ ಪ್ಲೇಟಿನ ಮೇಲೆ ಬೋರ್ಡನ್ನು ಅಲುಗಾಡದಂತೆ ಸಪಾಟಾಗಿ ಕೂರಿಸಿ. ಮೊದಲು 150 ಡಿಗ್ರಿಗೆ ತಂದು ಒಂದೆರಡು ನಿಮಿಷ ಬಿಡಿ. ಆಮೇಲೆ 235–240ಕ್ಕೆ ಏರಿಸಿ. ಸೀಸವಿಲ್ಲದ ತವರ 217ರ ಆಸುಪಾಸಿನಲ್ಲಿ ಕರಗುತ್ತದೆ. ಮಂಕಾಗಿದ್ದ ಬೆಸುಗೆ ಥಟ್ಟನೆ ಕನ್ನಡಿಯಂತೆ ಹೊಳೆದಾಗ ಕಾಲ ಬಂತೆಂದು ಅರ್ಥ. ಚಿಮಟದಿಂದ ಸತ್ತದ್ದನ್ನು ಎತ್ತಿ. ಬಲ ಬೇಕೆನಿಸಿದರೆ ಇನ್ನೂ ಕರಗಿಲ್ಲ, ಕಾಯಿರಿ.

ಈಗ ಮೇಜಿಗೆ ಮೊಣಕೈ ತಾಗಿಸಬೇಡಿ. ಆ ಹೊತ್ತಿನಲ್ಲಿ ಉಳಿದ ಎಲ್‌ಇಡಿಗಳೂ ದ್ರವ ತವರದ ಮೇಲೆ ತೇಲುತ್ತಿರುತ್ತವೆ. ಒಂದು ತಟ್ಟು ಸಾಕು, ಸಾಲಿಗೆ ಸಾಲೇ ಜಾರುತ್ತದೆ.

ಹಳೆಯ ತವರವನ್ನು ಸೋಲ್ಡರ್ ವಿಕ್ಕಿನಿಂದ (ತಾಮ್ರದ ಎಳೆಗಳ ಹೆಣೆದ ಪಟ್ಟಿ) ಹೀರಿಸಿ, ಬೋರ್ಡನ್ನು ಇಳಿಸಿ ಆರಲು ಬಿಡಿ. ಆರಿದ ಮೇಲೆ ಪ್ಯಾಡುಗಳಿಗೆ ಸಾಸಿವೆ ಕಾಳಿನಷ್ಟು ಸೋಲ್ಡರ್ ಪೇಸ್ಟ್ (ತವರದ ಪುಡಿ ಬೆರೆತ ಲೇಪ) ಹಚ್ಚಿ, ಫೋಟೊ ನೋಡಿ ಹೊಸ ಎಲ್‌ಇಡಿ ಕೂರಿಸಿ, ಮತ್ತೆ ಅದೇ ಕ್ರಮದಲ್ಲಿ ಕಾಯಿಸಿ. ತವರ ಕರಗಿದಾಗ ಅದು ತಾನಾಗಿ ಸರಿದು ನೆಟ್ಟಗಾಗುತ್ತದೆ. ಮೇಲಿನಿಂದ ಒತ್ತಬೇಡಿ, ಹಳದಿ ಮೈ ಮೆತ್ತಗಿರುತ್ತದೆ. ಕರಗಿದ ಮೇಲೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಪ್ಲೇಟಿನ ಮೇಲೆ ಬಿಡಬಾರದು.

ಸೋಲ್ಡರ್ ಪೇಸ್ಟಿನಲ್ಲಿ ನನ್ನ ಆಯ್ಕೆ 63/37, ಅಂದರೆ 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆತದ್ದು. 183 ಡಿಗ್ರಿಗೇ ಕರಗುತ್ತದೆ. ಕಿಟಕಿ ತೆರೆದಿರಲಿ, ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬೇಡಿ. 138 ಡಿಗ್ರಿಗೆ ಕರಗುವ ಬಿಸ್ಮತ್ ಪೇಸ್ಟ್ ಬಳಸಲು ಬಲು ಸುಲಭ, ಆದರೆ ಬಿಸಿಯೇರಿ ತಣಿಯುತ್ತಲೇ ಇರುವ ಬಲ್ಬಿಗೆ ಆ ಪೆಡಸು ಬೆಸುಗೆ ಬೇಡ. ನೀರಿನ ಪೈಪು ಬೆಸೆಯುವಾಗ ಲೋಹ ಶುಚಿಮಾಡಲು ಹಾಕುವ ಆಸಿಡ್ ಫ್ಲಕ್ಸನ್ನಂತೂ ಹತ್ತಿರವೂ ಸೇರಿಸಬೇಡಿ, ತಾಮ್ರ ತಿನ್ನುತ್ತದೆ.

4. ಪ್ಲೇಟ್ ಆರಿಸಿ ಬೋರ್ಡನ್ನು ಮರದ ಹಲಗೆಗೆ ಜಾರಿಸಿ, ತಾನಾಗಿ ತಣಿಯಲಿ. ಊದಬೇಡಿ, ಒದ್ದೆ ಬಟ್ಟೆ ಹಾಕಬೇಡಿ. ಅಲ್ಯೂಮಿನಿಯಂ ಕಾದಿದ್ದರೂ ಬಣ್ಣ ಬದಲಿಸುವುದಿಲ್ಲ. ನನ್ನ ಹೆಬ್ಬೆರಳಿಗೆ ಅದು ಚೆನ್ನಾಗಿ ನೆನಪಿದೆ.

5. ವೈರುಗಳನ್ನು ಬೆಸೆಯುವಾಗಲೂ ಪ್ಲೇಟನ್ನು 110ರಲ್ಲಿಟ್ಟುಕೊಳ್ಳಿ. ಆಗ 350 ಡಿಗ್ರಿಯ ಐರನ್ ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ.

6. ಮಲ್ಟಿಮೀಟರಿನ ಒಂದು ಮೊನೆ ಪ್ಯಾಡಿಗೆ, ಇನ್ನೊಂದು ತಗಡಿನ ಅಂಚಿಗೆ. ಬೀಪ್ ಬಂದರೆ ನಿರೋಧಕ ಪದರ ಒಡೆದಿದೆ. ಆ ಬೋರ್ಡ್ ಕಸಕ್ಕೆ. ಬೀಪ್ ಇಲ್ಲದಿದ್ದರೆ ಹೊಸ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ ಜೋಡಿಸಿ, ಮೇಲಿನ ಗೋಳವನ್ನು ಮುಚ್ಚಿದ ಮೇಲಷ್ಟೇ ಸ್ವಿಚ್ ಹಾಕಿ. ಇಂಥ ಬಲ್ಬುಗಳಲ್ಲಿ ಹಲವಕ್ಕೆ ಟ್ರಾನ್ಸ್‌ಫಾರ್ಮರಿನ ತಡೆ ಇರುವುದಿಲ್ಲ, ಪ್ಯಾಡು ಮುಟ್ಟಿದರೆ ಮೇನ್ಸಿನ ಶಾಕೇ ಹೊಡೆಯುತ್ತದೆ.