ಪಾರ್ಸೆಲ್ ಏಜೆಂಟರ ತೂಕದ ಜಗಳ ಬಿಡಿಸಿ ದಾರಿಗೆ ಬಂದ ನಮ್ಮ ವ್ಯವಹಾರ

ಮಂಗಳೂರಿನಿಂದ ದುಬೈಗೆ, ಅಮೆರಿಕಕ್ಕೆ ಮನೆ ತಿಂಡಿ ಕಳಿಸುವವರನ್ನೂ ಸಣ್ಣ ಕೊರಿಯರ್ ಏಜೆಂಟರನ್ನೂ ಒಂದೇ ಆ್ಯಪಿನಲ್ಲಿ ಸೇರಿಸುತ್ತೇನೆ ಅಂದಾಗ ನಕ್ಕವರೇ ಹೆಚ್ಚು. "ಎರಡನೇ ಸಲ ಅವರವರೇ ಫೋನ್ ಮಾಡ್ತಾರೆ ಮಾರಾಯ್ರೆ, ನಿಮಗೆಂತ ಸಿಗ್ತದೆ?" ಅಂದರು ಒಬ್ಬ ಏಜೆಂಟರು. ಮೊದಲ ವರ್ಷ ಆದದ್ದೂ ಅದೇ. ಆರೇಳು ಲಕ್ಷ ಕರಗಿತು, ಬಂದ ಕಮಿಷನ್ ಸರ್ವರ್ ಬಾಡಿಗೆಗೂ ಸಾಲಲಿಲ್ಲ.

ದರಪಟ್ಟಿ ಹಾಕಿದ್ದು ಇನ್ನೂ ಕೆಟ್ಟಿತು. ಕಿಲೋಗೆ ಐವತ್ತು ಕಡಿಮೆ ಹೇಳಿದವನಿಗೇ ಎಲ್ಲ ಆರ್ಡರ್. ಆಮೇಲೆ "ಹಬ್‌ನಲ್ಲಿ (ಪಾರ್ಸೆಲ್ ವಿಂಗಡಿಸುವ ಕೇಂದ್ರದಲ್ಲಿ) ತೂಕ ಜಾಸ್ತಿ ಬಂತು" ಅಂತ ಅವನದೇ ಹೊಸ ಬಿಲ್ಲು. ಕೋರಿ ರೊಟ್ಟಿಯನ್ನೇ ತಗೊಳ್ಳಿ. ಒಡೆಯದಂತೆ ತುಂಬಿದರೆ ಐದು ಕಿಲೋಗೆ 45×40×35 ಸೆಂಟಿಮೀಟರ್ ಡಬ್ಬ. ಕೊರಿಯರ್‌ನವರು ಡಬ್ಬದ ಗಾತ್ರವನ್ನೂ ತೂಕವಾಗಿ ಎಣಿಸುತ್ತಾರೆ: ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸಿದರೆ 12.6 ಕಿಲೋ, ಬಿಲ್ಲು ಹದಿಮೂರಕ್ಕೆ. ಬಂಟ್ವಾಳದ ಅಮ್ಮನಿಗೆ ಇದನ್ನು ಮೊದಲೇ ಹೇಳುವವರು ಯಾರು?

ಹಾಗಾಗಿ ಫೋನ್ ನಂಬರ್ ಕೊಡುವುದು ಬಿಟ್ಟು ತೂಕದ ಜವಾಬ್ದಾರಿ ಹೊತ್ತೆ. ನಮ್ಮದೇ ಮೂರು ಅಳತೆಯ ಡಬ್ಬ, ಬಾಗಿಲಲ್ಲೇ ತೂಕ, ಟೇಪು ಹಿಡಿದ ಫೋಟೋ, ಆಧಾರ್ ಪ್ರತಿ, ಅಲ್ಲೇ ದರ ಫಿಕ್ಸ್. ಟ್ರ್ಯಾಕಿಂಗ್ ನಂಬರ್ ಓಡಿದ ಮೇಲೆಯೇ ಏಜೆಂಟರಿಗೆ ಹಣ. ಹಬ್‌ನಲ್ಲಿ ತೂಕ ಏರಿದರೆ ನಷ್ಟ ನನ್ನದು. ಮೊದಮೊದಲು ತಿಂಗಳಿಗೆ ಇಪ್ಪತ್ತು ಸಾವಿರದಷ್ಟು ಕೈ ಬಿಡುತ್ತಿತ್ತು, ಈಗ ಅಪರೂಪ. ಯಾವ ಡಬ್ಬ ಏರುತ್ತದೆ ಅಂತ ಮುಂಚೆಯೇ ಹಿಡಿಯುವ ಉಪಾಯವೊಂದಿದೆ. ಅದು ಇಲ್ಲಿ ಬೇಡ.

ದುಬೈ ಪಾರ್ಸೆಲ್‌ಗೆ ಒಂದು ಪ್ರಶ್ನೆ ಖಾಯಂ: "ಅಮ್ಮ, ಮಸಾಲೆ ಪುಡಿಗೆ ಗಸಗಸೆ ಹಾಕಿದ್ದೀರಾ?" ಅಲ್ಲಿ ಗಸಗಸೆ ನಿಷೇಧ, ಪುಡಿಯಲ್ಲಿ ಬೆರೆತದ್ದೂ ಆಗದು.

ನಡುವೆ ವ್ಯಾಕ್ಯೂಮ್ ಮೆಷಿನ್ ತಂದು ರೊಟ್ಟಿಯನ್ನೂ ಒತ್ತಿ ನೋಡಿದೆವು. ಡಬ್ಬ ಅರ್ಧವಾಯಿತು, ರೊಟ್ಟಿ ಹುಡಿಯಾಯಿತು. ಶಾರ್ಜಾದವರು "ಹೇಗೂ ಮುರಿದೇ ಸಾರು ಹಾಕುವುದಲ್ಲವಾ" ಅಂದರು. ಟೆಕ್ಸಾಸ್‌ನವರು ಹಣ ವಾಪಸ್ ಕೇಳಿದರು. ಮೆಷಿನ್ ಈಗ ಮಿಡಿ ಉಪ್ಪಿನಕಾಯಿಗೆ ಮಾತ್ರ, ಅದೂ ಚೆನ್ನಾಗಿ ಕಳಿತದ್ದಕ್ಕೆ. ಹೊಸತಾದರೆ ಪ್ಯಾಕೆಟ್ ದಾರಿಯಲ್ಲೇ ಉಬ್ಬುತ್ತದೆ.

ಕೈ ಹಿಡಿದದ್ದು 2025ರ ಆಗಸ್ಟ್. 800 ಡಾಲರ್‌ವರೆಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 29ರಿಂದ ತೆಗೆಯಿತು. ನಮ್ಮ ಅಂಚೆ ಇಲಾಖೆ 25ರಿಂದಲೇ ಅಲ್ಲಿಗೆ ಬಹುತೇಕ ಪಾರ್ಸೆಲ್ ನಿಲ್ಲಿಸಿತು. ಏಜೆಂಟರು ಒಬ್ಬೊಬ್ಬರು ಒಂದೊಂದು ಸುಂಕ ಹೇಳುತ್ತಿದ್ದರು. ನಾವು ಸುಂಕವನ್ನು ಬೇರೆ ಸಾಲಿನಲ್ಲಿ ಬರೆದು ಕೊಟ್ಟೆವು. ಅಕ್ಟೋಬರ್‌ನಲ್ಲಿ ಅಂಚೆ ಮತ್ತೆ ಶುರುವಾದರೂ ಬಂದವರು ಹೆಚ್ಚಿನವರು ಉಳಿದರು. ಆ ದೀಪಾವಳಿ ತಿಂಗಳು ಎರಡೂವರೆ ಟನ್ ಹತ್ತಿರ ಹೋಯಿತು, ಕಿಲೋಗೆ ನಲವತ್ತರ ಆಸುಪಾಸು ಉಳಿಯಿತು. ಡಬ್ಬ ಮಾಡಿಕೊಡುವವರು ಮಾತ್ರ ಇನ್ನೂ ಮುಂಗಡ ಇಲ್ಲದೆ ಕೈ ಹಾಕುವುದಿಲ್ಲ.