ಎರಡು ಸಾವಿರದಲ್ಲಿ ನನಗೆ ಉಳಿಯುವ ಒಂಬೈನೂರು

ಮನೆಯಿಂದಲೇ ಸೌಂದರ್ಯವರ್ಧಕ ಮಾರಿದರೆ ಗಿಟ್ಟುತ್ತದೆಯೇ ಎಂದು ಕೇಳಿಕೊಂಡು ಬರುವವರಿಗೆ ನಾನು ಕ್ಯಾಟಲಾಗನ್ನು ಬದಿಗಿಟ್ಟು ಖಾತೆ ಪುಸ್ತಕ ತೋರಿಸುತ್ತೇನೆ. ಮದುವೆಗೆ ಮುಂಚೆ ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಜಮೆ ಒಂದು ಕಡೆ, ಖರ್ಚು ಒಂದು ಕಡೆ ಬರೆದಿಡದಿದ್ದರೆ ಈಗಲೂ ನಿದ್ದೆ ಬಾರದು. ನನ್ನ ಜೊತೆಗೇ ಈ ಮಾರಾಟಕ್ಕೆ ಇಳಿದ ಹಲವರಿಗೆ ತಾವು ಎಷ್ಟು ಗಳಿಸಿದೆವು ಎಂಬುದೇ ಗೊತ್ತಿರಲಿಲ್ಲ. ಕೈಯಲ್ಲಿ ಹಣ ಓಡಾಡುತ್ತಿತ್ತು, ಅದನ್ನೇ ಲಾಭ ಎಂದುಕೊಂಡಿದ್ದರು.

ಮಾಲು ಕೊಡುವ ಕಂಪನಿಯ ಸಭೆಗಳಲ್ಲಿ ಹೇಳುವ ಲೆಕ್ಕ ಬಹಳ ಸುಲಭ. ಕ್ಯಾಟಲಾಗಿನ ಬೆಲೆಯಲ್ಲಿ ನಮಗೆ ಶೇ 20ರಷ್ಟು ಕಡಿತ. ತಿಂಗಳಿಗೆ 10,000 ರೂಪಾಯಿಯ ಮಾಲು ಹೋದರೆ 2,000 ರೂಪಾಯಿ ಕೈಗೆ. ನನ್ನ ಪುಸ್ತಕದಲ್ಲಿ ಅದೇ ತಿಂಗಳು ಬೇರೆಯಾಗಿ ಕಾಣುತ್ತದೆ. ಎದುರು ಮನೆಯ ಅಕ್ಕ, ನಾದಿನಿಯ ಗೆಳತಿ, ಮಗಳ ಶಾಲೆಯ ಟೀಚರು, ಎಲ್ಲರದೂ ಒಂದೇ ಮಾತು: “ಬೇರೆಯವರಿಗಾದರೆ ಸರಿ, ನಮಗೂ ಅದೇ ರೇಟೇ?” ಅಲ್ಲಿಗೆ 500 ಹೋಯಿತು. ಸಣ್ಣ ಆರ್ಡರ್ ಹಾಕಿದರೆ ಸಾಗಣೆ ವೆಚ್ಚ 100. ಮನೆಮನೆಗೆ ತಲುಪಿಸಲು ಸ್ಕೂಟರಿನ ಪೆಟ್ರೋಲು 300. ಕ್ಯಾಟಲಾಗು ಮತ್ತು ಹಚ್ಚಿ ತೋರಿಸಲೆಂದು ತೆರೆದಿಡುವ ಟೆಸ್ಟರುಗಳಿಗೆ 200. ಉಳಿದದ್ದು 900. ನನ್ನ ಸಮಯಕ್ಕೆ ಇಲ್ಲಿ ಬೆಲೆ ಕಟ್ಟಿಲ್ಲ. ಎಲ್ಲ ತೆರಿಗೆಯೂ ಸೇರಿ ಪೊಟ್ಟಣದ ಮೇಲೆ ಮುದ್ರಿಸಿದ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲವಾದ್ದರಿಂದ ನಮ್ಮ ಬೆಲೆ ಜಾರುವುದು ಕೆಳಕ್ಕೆ ಮಾತ್ರ.

ಈ 900 ಕೂಡ ಉದ್ದರಿ ವಸೂಲಾಗುವವರೆಗೆ ಬರಿಯ ಬರಹ. ಮಾಲಿನ ಹಣವನ್ನು ನಾನು ಆರ್ಡರ್ ಹಾಕುವಾಗಲೇ ಕಟ್ಟಬೇಕು. ಗಿರಾಕಿ ಕೊಡುವುದು ಒಂದನೇ ತಾರೀಖಿಗೆ. ಅದು ಯಾವ ತಿಂಗಳ ಒಂದನೇ ತಾರೀಖು ಎಂದು ಕೇಳಿದರೆ ಮುನಿಸು. ಅಂಗಡಿಯವನಾದರೆ ‘ಇಂದು ನಗದು, ನಾಳೆ ಉದ್ದರಿ’ ಎಂದು ಬೋರ್ಡು ತೂಗುಹಾಕಬಹುದು. ಹಜಾರದಲ್ಲಿ ಕೂರಿಸಿ ಕಾಫಿ ಕೊಟ್ಟವರ ಮುಂದೆ ಆ ಬೋರ್ಡು ಹಿಡಿಯುವುದು ಹೇಗೆ? 600 ರೂಪಾಯಿಯ ಒಂದು ಕ್ರೀಮಿನ ಹಣ ಮುಳುಗಿದರೆ ನನ್ನ ಅಸಲು 480 ಹೋಗುತ್ತದೆ. ಅದನ್ನು ತುಂಬಿಕೊಳ್ಳಲು, ಯಾರಿಗೂ ಏನೂ ಬಿಡದೆ, 2,400 ರೂಪಾಯಿಯ ಮಾಲು ಮಾರಬೇಕು. ಈ ಲೆಕ್ಕ ಬರೆದು ನೋಡಿದ ದಿನದಿಂದ ಅರ್ಧ ಹಣ ಫೋನ್‌ಪೇಯಲ್ಲಿ ಬಂದ ಮೇಲೆಯೇ ಆರ್ಡರ್ ಹಾಕುತ್ತೇನೆ. ಕೆಲವು ಸಂಬಂಧಿಕರು ಮಾತು ಕಡಿಮೆ ಮಾಡಿದ್ದಾರೆ. ಅವರಲ್ಲಿ ಬಹುತೇಕರು ಹಳೆಯ ಬಾಕಿದಾರರೇ.

ಹೊಸಬರು ಮೊದಲು ಹಿಡಿಯುವುದು ಲಿಪ್‌ಸ್ಟಿಕ್ಕನ್ನು. ಬಣ್ಣ ಬಣ್ಣದ ಪುಟ, ನೋಡಿದವರೆಲ್ಲ ಆಸೆಪಡುತ್ತಾರೆ. ಆದರೆ ನಮ್ಮ ಊರಿನಲ್ಲಿ ಮದುವೆ, ಹಬ್ಬಕ್ಕೆ ಮಾತ್ರ ಹಚ್ಚುವ ಹೆಂಗಸಿಗೆ ಒಂದು ಲಿಪ್‌ಸ್ಟಿಕ್ ವರ್ಷ ಕಳೆದರೂ ಮುಗಿಯದು. ಫೇಸ್‌ವಾಶ್, ಸನ್‌ಸ್ಕ್ರೀನ್, ಬಾಡಿ ಲೋಷನ್ ಹಾಗಲ್ಲ. ಖಾಲಿಯಾಗುತ್ತವೆ, ಒಗ್ಗಿದವರು ತಾವೇ ಫೋನ್ ಮಾಡಿ ತರಿಸಿಕೊಳ್ಳುತ್ತಾರೆ. ನನ್ನ ನಿಜವಾದ ಲಾಭ ಹೀಗೆ ಮರಳಿ ಕೇಳುವ ಹದಿನೈದು ಇಪ್ಪತ್ತು ಮನೆಗಳಿಂದ ಬರುತ್ತದೆ. ಮಿಕ್ಕವರದು ಮಾತು, ಕಾಫಿ.

ಫೌಂಡೇಷನ್ ಮಾರುವುದು ಮಾತ್ರ ಸ್ವಲ್ಪ ವಿದ್ಯೆಯ ಕೆಲಸ. ಕ್ಯಾಟಲಾಗಿನಲ್ಲಿ ಬಣ್ಣ ನೋಡಿ ಆರಿಸಿದರೆ ಬಹಳ ಸಲ ತಪ್ಪುತ್ತದೆ; ಎಲ್ಲರೂ ತಮಗಿಂತ ಒಂದೆರಡು ಮೆಟ್ಟಿಲು ತಿಳಿಯಾದ ಬಣ್ಣವನ್ನೇ ತೋರಿಸುತ್ತಾರೆ. ನಾನು ಗಿರಾಕಿಯನ್ನು ಬಾಗಿಲ ಬಳಿ ಹಗಲು ಬೆಳಕಿಗೆ ಕರೆದು, ದವಡೆಯ ಅಂಚಿನಲ್ಲಿ ಪಕ್ಕಪಕ್ಕದ ಎರಡು ಮೂರು ಬಣ್ಣಗಳನ್ನು ಗೆರೆ ಎಳೆದು ತೋರಿಸುತ್ತೇನೆ. ಮುಂಗೈಯ ಬಣ್ಣ ಮುಖದ ಬಣ್ಣವಲ್ಲ. ಕೆಲವು ಫೌಂಡೇಷನ್‌ಗಳು ಹಚ್ಚಿದ ಸ್ವಲ್ಪ ಹೊತ್ತಿಗೆ ಗಾಢವಾಗುವುದರಿಂದ ಹತ್ತು ನಿಮಿಷ ಬಿಟ್ಟು ನೋಡಿ, ಕುತ್ತಿಗೆಗೆ ಬೆರೆತುಹೋದ ಗೆರೆಯನ್ನು ಆರಿಸಿಕೊಳ್ಳುತ್ತೇವೆ. ಹೊಸ ಕ್ರೀಮಾದರೆ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಲು ಹೇಳುತ್ತೇನೆ. ‘ಬೆಳ್ಳಗಾಗುತ್ತೇನಾ?’ ಎಂಬ ಪ್ರಶ್ನೆಗೆ ಇಲ್ಲ ಎಂದೇ ಉತ್ತರ. ಅದರಿಂದ ಕೈತಪ್ಪಿದ ವ್ಯಾಪಾರ ಉಂಟು, ತಪ್ಪಿದರೆ ತಪ್ಪಲಿ.

ಈ ಟೆಸ್ಟರು, ಸ್ಯಾಂಪಲ್ಲಿನ ಖರ್ಚನ್ನು ಮಾತ್ರ ನಾನು ಉಳಿಸಲು ಹೋಗುವುದಿಲ್ಲ. ಅಮೆರಿಕದಲ್ಲಿ ಮನೆಮನೆಗೆ ಹೋಗಿ ಪುಸ್ತಕ ಮಾರುತ್ತಿದ್ದ ಡೇವಿಡ್ ಮೆಕಾನೆಲ್ ಎಂಬಾತ ಪುಸ್ತಕದ ಜೊತೆ ಪುಕ್ಕಟೆ ಸುಗಂಧದ ಮಾದರಿ ಕೊಡುತ್ತಿದ್ದನಂತೆ. ಹೆಂಗಸರಿಗೆ ಪುಸ್ತಕಕ್ಕಿಂತ ಅದೇ ಬೇಕಾಯಿತು. ಪುಸ್ತಕ ಬಿಟ್ಟು 1886ರಲ್ಲಿ ಸುಗಂಧದ ಕಂಪನಿಯನ್ನೇ ತೆರೆದ. ಮುಂದೆ ಏವಾನ್ ಆದದ್ದು ಅದೇ. ಮೂಗಿಗೆ, ಚರ್ಮಕ್ಕೆ ಹಿಡಿಸದೆ ಈ ಮಾಲು ಹೋಗುವುದಿಲ್ಲ ಎಂಬುದು ಆಗಲೂ ನಿಜ, ಈಗಲೂ ನಿಜ. ಮೊಬೈಲ್ ಆ್ಯಪ್‌ಗಳು ನನಗಿಂತ ಅಗ್ಗಕ್ಕೆ ಕೊಡುತ್ತವೆ, ಗಿರಾಕಿ ನನ್ನ ಎದುರಿಗೇ ಬೆಲೆ ಹೋಲಿಸುತ್ತಾಳೆ. ದವಡೆಯ ಮೇಲೆ ಗೆರೆ ಎಳೆದು ತೋರಿಸುವುದಷ್ಟೇ ನನ್ನಲ್ಲಿ ಉಳಿದಿರುವ ಹೆಚ್ಚುಗಾರಿಕೆ.

ಇನ್ನು, ಬೇರೆಯವರನ್ನು ಸೇರಿಸಿ ಗುಂಪು ಕಟ್ಟಿ ಮೇಲೇರುವ ಮಾತು. ತಿಂಗಳ ಕೊನೆಯ ವಾರ ಅಪ್‌ಲೈನ್ ಮೇಡಂ, ಅಂದರೆ ಈ ಸಾಲಿನಲ್ಲಿ ನನಗಿಂತ ಮೇಲಿರುವವರ, ಫೋನ್ ಬರುತ್ತದೆ: “ಸ್ವಲ್ಪದರಲ್ಲಿ ಸ್ಲ್ಯಾಬ್ ತಪ್ಪುತ್ತಿದೆ, ನೀವೇ ಏನಾದರೂ ತೆಗೆದುಕೊಂಡುಬಿಡಿ.” ಗುಂಪಿನ ವ್ಯಾಪಾರ ಏರಿದಂತೆ ಬೋನಸ್ಸಿನ ದರ ಏರುವ ಮೆಟ್ಟಿಲೇ ಸ್ಲ್ಯಾಬ್. ಅದನ್ನೂ ಲೆಕ್ಕ ಹಾಕೋಣ. ನನ್ನ ಗುಂಪಿನ ವ್ಯಾಪಾರ 16,000, ಬೋನಸ್ ಶೇ 3 ಎಂದುಕೊಳ್ಳಿ. 480 ರೂಪಾಯಿ ಬರುತ್ತದೆ. 20,000 ಮುಟ್ಟಿದರೆ ಶೇ 6, ಅಂದರೆ 1,200. ಹೆಚ್ಚುವರಿ 720 ರೂಪಾಯಿಗಾಗಿ ನಾನು 4,000ದ ಮಾಲನ್ನು 3,200 ಕೊಟ್ಟು ಬೀರುವಿಗೆ ತುಂಬಬೇಕು. ಬೋನಸ್ಸನ್ನು ತೆರಿಗೆ ಕಳೆದ ಬೆಲೆಯ ಮೇಲೆ ಕಟ್ಟುವುದರಿಂದ, ಅದರಲ್ಲೂ ಗುಂಪಿನಲ್ಲಿ ನನ್ನ ಕೆಳಗಿನವರ ಪಾಲು ಮುರಿಯುವುದರಿಂದ, 720 ಎಂಬುದೂ ಪೂರ್ತಿ ಬಾರದು. ಬೀರುವಿನಲ್ಲಿಟ್ಟ ಮಾಲು ಚಿನ್ನವೂ ಅಲ್ಲ. ಏಪ್ರಿಲ್ ಬಿಸಿಲಿಗೆ ನಮ್ಮ ದಾವಣಗೆರೆಯಲ್ಲಿ ಲಿಪ್‌ಸ್ಟಿಕ್ ಬೆವರುತ್ತದೆ, ಕ್ರೀಮು ನೀರು ಬಿಡುತ್ತದೆ, ಅವಧಿಯ ತಾರೀಖು ಹತ್ತಿರವಾಗುತ್ತದೆ. ಕಡೆಗೆ ಅರಿಶಿನ ಕುಂಕುಮದ ಜೊತೆ ಉಡುಗೊರೆಯಾಗಿ ಹೋಗುವುದೇ ಇಂಥ ಮಾಲಿನ ಗತಿ. ಇಂಥ ಫೋನ್‌ಗೆ ನನ್ನ ಉತ್ತರ ಈಗ ಮೇಡಂಗೂ ಬಾಯಿಪಾಠವಾಗಿದೆ: ಗಿರಾಕಿಯ ಹೆಸರಿಲ್ಲದೆ ಆರ್ಡರ್ ಇಲ್ಲ.

ಹೀಗೆ ಅಂಗಡಿಯಿಲ್ಲದೆ ಗಿರಾಕಿಗೇ ಮಾರುವ ನೇರ ಮಾರಾಟಕ್ಕೆಂದೇ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ನಿಯಮ ತಂದಿದೆ ಎಂಬುದು ಈ ಕೆಲಸ ಮಾಡುವವರಲ್ಲೇ ಅನೇಕರಿಗೆ ತಿಳಿಯದು. ಸೇರಲು ಪ್ರವೇಶ ಶುಲ್ಕ ಕೇಳುವಂತಿಲ್ಲ. ಸೇರಿದವರು ಮನಸ್ಸು ಬದಲಿಸಿ, ಕೊಂಡ ಮಾಲಿನ ಹಣ ಹಿಂಪಡೆದು ಹೊರಬರಲು ಒಂದಿಷ್ಟು ಕಾಲಾವಕಾಶ ಇರಬೇಕು. ಜನರನ್ನು ಸೇರಿಸಿದ್ದಕ್ಕೇ ಹಣ ಬರುವ ಪಿರಮಿಡ್ ಯೋಜನೆಗೆ ನಿಷೇಧವಿದೆ. ‘ಇನ್ನು ನಾಲ್ವರನ್ನು ಪರಿಚಯಿಸಿ, ನಿಮ್ಮ ದುಡ್ಡು ವಾಪಸು ಬಂದಂತೆಯೇ’ ಎಂದು ಆಸೆ ತೋರಿಸಿ ಮಾರುವುದೂ ತಪ್ಪು. ನಮ್ಮಂಥ ಮಾರಾಟಗಾರರ ಮೇಲೂ ಕಟ್ಟಳೆ ಇದೆ: ಗುರುತಿನ ಚೀಟಿ ಇಲ್ಲದೆ, ಮುಂಚೆ ಕೇಳದೆ ಯಾರ ಮನೆಗೂ ಹೋಗುವಂತಿಲ್ಲ. ಇದನ್ನು ಪಾಲಿಸಿದರೆ ವ್ಯಾಪಾರಕ್ಕೆ ನಷ್ಟವೇನಿಲ್ಲ. ಮಧ್ಯಾಹ್ನ ಮಲಗಿದವರನ್ನು ಎಬ್ಬಿಸಿ ಇದುವರೆಗೆ ಯಾರೂ ಕ್ರೀಮು ಮಾರಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಗಿಟ್ಟುತ್ತದೆಯೇ? ಸಂಬಳದ ಕೆಲಸಕ್ಕೆ ಬದಲಾಗಿ ಎಂದರೆ ಇಲ್ಲ. ನಮ್ಮ ಮನೆಗೆ ಬೇಕಾದ ಸೋಪು, ಶಾಂಪೂ, ಕ್ರೀಮು ಶೇ 20 ಅಗ್ಗಕ್ಕೆ ಬಂದು, ಗ್ಯಾಸ್ ಸಿಲಿಂಡರಿನ ಹಣದಷ್ಟು ಕೈಯಲ್ಲಿ ಉಳಿಯುವುದು ಹೌದು. ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸದಲ್ಲಿದ್ದು, ಊಟದ ವೇಳೆಗೆ ಕ್ಯಾಟಲಾಗು ಕೈಯಿಂದ ಕೈಗೆ ದಾಟಿಸುವವರಿಗೆ ನನಗಿಂತ ಹೆಚ್ಚು ಗಿಟ್ಟುತ್ತದೆ: ಪೆಟ್ರೋಲಿನ ಖರ್ಚಿಲ್ಲ, ಕೊಳ್ಳುವವರಿಗೆ ಸಂಬಳ ಯಾವಾಗ ಬರುತ್ತದೆಂಬುದು ಗೊತ್ತು.

ಈಗ ತಿಂಗಳಿಗೆ ಒಂದೇ ದೊಡ್ಡ ಆರ್ಡರ್ ಹಾಕುತ್ತೇನೆ. ಸಾಗಣೆ ವೆಚ್ಚ ತಪ್ಪುತ್ತದೆ. ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿವರೆಗೆ ಮತ್ತು ಮದುವೆಯ ತಿಂಗಳುಗಳಲ್ಲಿ ವ್ಯಾಪಾರ ತಾನಾಗಿ ಏರುತ್ತದೆ. ಆಷಾಢದಲ್ಲಿ ಮದುವೆಯೂ ಇಲ್ಲ, ಕೊಳ್ಳುವವರೂ ಇಲ್ಲ. ಆ ತಿಂಗಳು ಆರ್ಡರ್ ಹಾಕದೆ ಹಳೆಯ ಬಾಕಿ ಕೇಳಲು ಹೊರಡುತ್ತೇನೆ, ಮುಂಚೆಯೇ ಫೋನ್ ಮಾಡಿ, ಗುರುತಿನ ಚೀಟಿಯನ್ನೂ ಇಟ್ಟುಕೊಂಡು.